ಗಾಳಿಯನ್ನೇ ಕೇಳದ ಬರದ ಲೆಕ್ಕ

ಜಾಗತಿಕ ಬರದ ಚರ್ಚೆಯಲ್ಲಿ ಪಾಮರ್ ಸೂಚ್ಯಂಕಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. 1965ರಲ್ಲಿ ವೇಯ್ನ್ ಪಾಮರ್ ಅದನ್ನು ರೂಪಿಸಿದಾಗ ಅವರ ಮುಂದಿದ್ದುದು ಪಶ್ಚಿಮ ಕಾನ್ಸಾಸ್ ಮತ್ತು ಮಧ್ಯ ಅಯೋವಾದ ಅಂಕಿಅಂಶ. ಸುರಿದ ಮಳೆಯ ಜೊತೆಗೆ ಮಣ್ಣಿನಲ್ಲುಳಿದ ತೇವವನ್ನೂ ಲೆಕ್ಕಕ್ಕೆ ತಂದದ್ದು ಅವರ ಹಿರಿಮೆ. ನನ್ನ ತಕರಾರು ಆವಿಯಾಗುವ ನೀರನ್ನು ಅಳೆದ ಬಗೆಗೆ.

ಅದಕ್ಕೆ ಅವರು ಬಳಸಿದ್ದು 1948ರ ಥಾರ್ನ್‌ತ್‌ವೇಟ್ ಸೂತ್ರ. ಉಷ್ಣಾಂಶದ ತಿಂಗಳ ಸರಾಸರಿ, ಹಗಲಿನ ಉದ್ದ ಗೊತ್ತಿದ್ದರೆ ಅದಕ್ಕೆ ಸಾಕು; ಗಾಳಿ, ತೇವಾಂಶ, ಬಿಸಿಲಿನ ತೀಕ್ಷ್ಣತೆ ಯಾವುದನ್ನೂ ಅದು ಕೇಳುವುದಿಲ್ಲ. ಚಳ್ಳಕೆರೆ ಕಡೆ ಆಷಾಢದಲ್ಲಿ ಅಂಗಳದ ತಂತಿಗೆ ಒದ್ದೆ ಸೀರೆ ಹರವಿ ನೋಡಿ. ಗಾಳಿ ಬೀಸುವ ದಿನ ನೋಡನೋಡುತ್ತಲೇ ಗರಿಗರಿಯಾಗಿ ಒಣಗುತ್ತದೆ. ಮೋಡ ಕವಿದು ಗಾಳಿ ನಿಂತ ದಿನ ಸಂಜೆಯಾದರೂ ಸೆರಗಿನ ಅಂಚು ಹಸಿ. ಪಕ್ಕದ ಹೊಲದ ಶೇಂಗಾ ಎಲೆಯೂ ಹೀಗೆಯೇ ನೀರು ಕಳೆದುಕೊಳ್ಳುತ್ತದೆ. ಆದರೆ ಗಾಳಿಯ ಜುಲೈ ಒಂದು ವರ್ಷ, ಮಂಕು ಜುಲೈ ಮತ್ತೊಂದು ವರ್ಷ ಬಂದು, ಸರಾಸರಿ ಉಷ್ಣಾಂಶ ಒಂದೇ ಇದ್ದರೆ, ಸೂತ್ರದ ಉತ್ತರವೂ ಒಂದೇ.

ತಪ್ಪು ಥಾರ್ನ್‌ತ್‌ವೇಟರದಲ್ಲ. ಯಾವ ಸೀಮೆ ಒಣ, ಯಾವುದು ತೇವ ಎಂದು ಹವಾಗುಣಗಳನ್ನು ವಿಂಗಡಿಸಲು ಅವರು ಸೂತ್ರ ಕೊಟ್ಟರು. ದಶಕದಿಂದ ದಶಕಕ್ಕೆ ಬರ ಹೆಚ್ಚಿತೇ ಎಂದು ತೀರ್ಮಾನಿಸಲು ಅದನ್ನು ದುಡಿಸಿಕೊಂಡವರು ನಂತರದವರು. ಭೂಮಿ ಬಿಸಿಯಾದಂತೆಲ್ಲ ಈ ಸೂತ್ರ ಆವಿಯನ್ನು ಅತಿಯಾಗಿ ಏರಿಸುತ್ತದೆ, ನಕ್ಷೆಯಲ್ಲಿ ಬರ ಹಬ್ಬುತ್ತದೆ. ಉಷ್ಣಾಂಶದ ಹಳೆಯ ದಾಖಲೆಗಳು ಸಿಗುವಷ್ಟು ಸುಲಭವಾಗಿ ಗಾಳಿಯವು ಸಿಗುವುದಿಲ್ಲ, ನಿಜ. ಆದರೆ ಅನಿವಾರ್ಯಕ್ಕೆ ಮಾಡಿಕೊಂಡ ರಾಜಿ ಪ್ರಮಾಣವಾಗಲಾರದು.

2012ರಲ್ಲಿ ಶೆಫೀಲ್ಡ್, ವುಡ್, ರೊಡೆರಿಕ್ ‘ನೇಚರ್’ ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. ಗಾಳಿ, ತೇವಾಂಶಗಳನ್ನೂ ಒಳಗೊಳ್ಳುವ ಪೆನ್ಮನ್-ಮಾಂಟೀತ್ ಸಮೀಕರಣ ಬಳಸಿದಾಗ, ಅರವತ್ತು ವರ್ಷಗಳಲ್ಲಿ ಜಾಗತಿಕ ಬರದ ಏರಿಕೆ ಅಲ್ಪವೆಂದು ಕಂಡಿತು. ಇದನ್ನೇ ಹಿಡಿದು ‘ಬಿಸಿಗೂ ಬರಕ್ಕೂ ಸಂಬಂಧವಿಲ್ಲ’ ಎನ್ನುವವರೊಂದಿಗೆ ನನ್ನ ಜಗಳ ಇನ್ನೂ ದೊಡ್ಡದು. ಆ ಲೇಖನ ಹೇಳಿದ್ದು ಏರಿಕೆಯ ಅಂದಾಜು ಅತಿಯಾಗಿತ್ತು ಎಂದಷ್ಟೇ. ಮುಂದೆ ಟ್ರೆನ್‌ಬರ್ತ್ ಮತ್ತು ಸಂಗಡಿಗರು, ಆಯ್ದ ಮಳೆ ದತ್ತಾಂಶ ಬದಲಾದರೂ ಫಲಿತಾಂಶ ಬದಲಾಗುತ್ತದೆಂದು 2014ರಲ್ಲಿ ಎಚ್ಚರಿಸಿದರು. ಹಾಗೆಂದು ಮಳೆಯೊಂದೇ ಸಾಕೆನ್ನುವವರ ಮಾತನ್ನೂ ಒಪ್ಪಲಾರೆ. ಮಳೆಯನ್ನಷ್ಟೇ ನೋಡುವ 1993ರ ಎಸ್‌ಪಿಐ ಸೂಚ್ಯಂಕ ಸರಳ, ಪ್ರಾಮಾಣಿಕ. ಒಂದೂರಿನ ಮಳೆಯನ್ನು ಆ ಊರಿನದೇ ಹಿಂದಿನ ಮಳೆಯೊಂದಿಗೆ ಹೋಲಿಸುತ್ತದೆ. ಆದರೆ ಅಷ್ಟೇ ಮಳೆ ಬಿದ್ದೂ ಬಿಸಿಗಾಳಿಗೆ ಬಾಡಿದ ಪೈರು ಅದರ ಕಣ್ಣಿಗೆ ಬೀಳದು.

ನನಗೆ ಮೆಚ್ಚುಗೆಯಾದದ್ದು 2010ರಲ್ಲಿ, ಮಳೆಯ ಜೊತೆ ಆವಿಯನ್ನೂ ಲೆಕ್ಕಕ್ಕೆ ತರುವ ಎಸ್‌ಪಿಇಐ ಸೂಚ್ಯಂಕ ರೂಪಿಸಿದ ಸ್ಪೇನಿನ ವಿಜ್ಞಾನಿಗಳ ನಡೆ. ಅವರೂ ಥಾರ್ನ್‌ತ್‌ವೇಟ್ ಸೂತ್ರದಿಂದಲೇ ಆರಂಭಿಸಿ, ಬಳಿಕ ತಮ್ಮ ಜಾಗತಿಕ ದತ್ತಾಂಶಕ್ಕೆ ಪೆನ್ಮನ್-ಮಾಂಟೀತ್ ಆರಿಸಿಕೊಂಡರು. ಬರದ ನಕ್ಷೆ ಮುದ್ರಿಸುವವರೆಲ್ಲ ಆವಿಯನ್ನು ಯಾವ ಸೂತ್ರದಿಂದ ಲೆಕ್ಕ ಹಾಕಿದ್ದೆಂದು ನಕ್ಷೆಯಡಿಯಲ್ಲೇ ಬರೆಯಬೇಕು. ಅದಿಲ್ಲದ ನಕ್ಷೆಯನ್ನು ನಾನು ಸಾಕ್ಷಿಯೆಂದು ಒಪ್ಪುವುದಿಲ್ಲ.