ಮಾತಿಲ್ಲದ ನಾಟಕ, ಕೇಳುವವರಿಲ್ಲದ ಮನೆ

ನಮ್ಮ ಕರಾವಳಿಯ ರಂಗಭೂಮಿ ಮಾತನ್ನು ನಂಬಿ ಬಂದದ್ದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಆಡುವ ಮಾತು ವಾಲಿಯನ್ನೂ ಕರ್ಣನನ್ನೂ ನಮ್ಮೆದುರು ತಂದು ನಿಲ್ಲಿಸುತ್ತದೆ. ಇದಕ್ಕೆ ತದ್ವಿರುದ್ಧವಾದ ನಾಟಕವೊಂದಿದೆ. ಜರ್ಮನಿಯ ಫ್ರಾನ್ಸ್ ಕ್ಸಾವರ್ ಕ್ರೋಟ್ಸ್ 1971ರಲ್ಲಿ ಬರೆದ ‘ವುನ್ಷ್‌ಕೊನ್ಸರ್ಟ್’ನಲ್ಲಿ ಇರುವುದು ಒಂದೇ ಪಾತ್ರ. ಅದು ಕೊನೆಯವರೆಗೂ ತುಟಿ ಬಿಚ್ಚುವುದಿಲ್ಲ.

ನಡುವಯಸ್ಸಿನ ಒಂಟಿ ಮಹಿಳೆ ಕೆಲಸ ಮುಗಿಸಿ ತನ್ನ ಒಂದು ಕೋಣೆಯ ಮನೆಗೆ ಬರುತ್ತಾಳೆ. ಬಟ್ಟೆ ಬದಲಿಸುತ್ತಾಳೆ, ಊಟ ಮಾಡುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ನೆಲಹಾಸು ಹೆಣೆಯುತ್ತಾಳೆ. ರೇಡಿಯೋದಲ್ಲಿ ಕೋರಿಕೆಯ ಗೀತೆಗಳು ಬರುತ್ತಿರುತ್ತವೆ. ಯಾರೋ ಯಾರಿಗೋ ಶುಭ ಕೋರುತ್ತಾರೆ; ಇವಳಿಗಾಗಿ ಕೋರುವವರಿಲ್ಲ. ಮಲಗಿದವಳು ಮತ್ತೆ ಎದ್ದು, ಪಾತ್ರೆ ತೊಳೆದಷ್ಟೇ ಅಚ್ಚುಕಟ್ಟಾಗಿ ತನ್ನ ಬದುಕನ್ನೇ ಮುಗಿಸಿಕೊಳ್ಳುತ್ತಾಳೆ. ಈ ಸಾವಿಗಿಂತಲೂ ನಮ್ಮನ್ನು ಕಾಡುವುದು ಆ ಅಚ್ಚುಕಟ್ಟುತನ. ಯಾರೂ ಬರದ ಮನೆಯನ್ನು ಅವಳು ಅಷ್ಟು ಓರಣವಾಗಿ ಇಟ್ಟುಕೊಂಡದ್ದು ಯಾರಿಗಾಗಿ?

1980ರ ದಶಕದಲ್ಲಿ ರುಸ್ತುಂ ಭರೂಚಾ ಮತ್ತು ಮ್ಯಾನುಯೆಲ್ ಲುಟ್ಗೆನ್‌ಹಾರ್ಸ್ಟ್ ಇದನ್ನು ಕಲ್ಕತ್ತಾ, ಮುಂಬಯಿ, ಮದ್ರಾಸುಗಳ ಬದುಕಿಗೆ ಹೊಂದಿಸಿ ರಂಗಕ್ಕೆ ತಂದರು. ಮದ್ರಾಸಿನಲ್ಲಿ ಆ ಪಾತ್ರ ವಹಿಸಿದವರು ನೃತ್ಯ ಸಂಯೋಜಕಿ ಚಂದ್ರಲೇಖಾ. ಊರು ಬದಲಾದಾಗ ಅಡುಗೆಮನೆ, ಊಟ, ರೇಡಿಯೋದ ಹಾಡು ಎಲ್ಲವೂ ಬದಲಾಗಲೇಬೇಕು.

ಹಾಗಾದರೆ ಮೂಡುಬಿದಿರೆ ಹಾದಿಯ ನಮ್ಮ ತೋಡಾರಿಗೆ ಇದನ್ನು ತಂದರೆ ಏನು ಬದಲಾಗಬೇಕು? ಮೊದಲಿಗೆ, ಆ ಖಾಲಿ ಕೋಣೆ. ಒಂಟಿ ಹೆಂಗಸು ಒಂಟಿ ಮನೆಯಲ್ಲಿರುವುದು ನಮ್ಮಲ್ಲಿ ಅಪರೂಪ. ನಮ್ಮ ಒಂಟಿತನ ತುಂಬಿದ ಮನೆಯಲ್ಲಿರುತ್ತದೆ. ಗಂಡ ಗಲ್ಫಿನಲ್ಲಿ, ಅತ್ತೆ-ಮಾವ ಜಗಲಿಯಲ್ಲಿ, ಮಕ್ಕಳು ಮೊಬೈಲಿನಲ್ಲಿ. ನಡುವೆ ಒಬ್ಬಾಕೆ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುತ್ತಾಳೆ. ದಿನವಿಡೀ ಅವಳಾಡುವ ಮಾತೆಲ್ಲ ‘ಊಟ ಆಯಿತೇ?’, ‘ಬಾಗಿಲು ಹಾಕಿದೆಯಾ?’ ಎಂಬಷ್ಟೇ. ಇವಳನ್ನು ರಂಗಕ್ಕೆ ತರುವುದು ಹೆಚ್ಚು ಕಷ್ಟ. ಸುತ್ತ ಜನರಿದ್ದಾರಲ್ಲ, ಇನ್ನೇನು ಕೊರತೆ ಎಂದು ಪ್ರೇಕ್ಷಕರೇ ಕೇಳಿಯಾರು.

ಕ್ರೋಟ್ಸ್‌ರ ಒಂದು ಮಾತನ್ನು ಮಾತ್ರ ನಾವು ಪೂರ್ತಿ ಒಪ್ಪಲಾರೆವು. ಹೀಗೆ ತಮ್ಮನ್ನೇ ಕೊಂದುಕೊಳ್ಳುವವರ ಒಳಗಿನ ಸ್ಫೋಟಕ ಶಕ್ತಿ ಹೊರಗೆ ತಿರುಗಿದ್ದರೆ ಕ್ರಾಂತಿಯಾದೀತು ಎಂಬ ಧಾಟಿಯಲ್ಲಿ ಅವರು ಮುನ್ನುಡಿಯಲ್ಲಿ ವಾದಿಸುತ್ತಾರೆ. ದುಡಿಮೆಯ ಶೋಷಣೆ ಸುಳ್ಳಲ್ಲ. ಆದರೆ ನಾಟಕದಲ್ಲಿ ಕಾಣುವ ಹೆಂಗಸು ಕ್ರಾಂತಿಗೆ ಕಾಯುತ್ತಿಲ್ಲ. ಬಾಗಿಲು ತಟ್ಟುವ ಒಂದು ಕೈಗೆ ಕಾಯುತ್ತಿದ್ದಾಳೆ. ನಾಟಕ ತನ್ನ ಮುನ್ನುಡಿಗಿಂತ ದೊಡ್ಡದಾಗಿ ಬೆಳೆದಿದೆ.

ಆತ್ಮಹತ್ಯೆ ಪಾಪವೆಂದು ಹೇಳಿ ಇಂಥ ನಾಟಕವನ್ನು ಬದಿಗೆ ಸರಿಸುವುದು ಸುಲಭ. ಆದರೆ ಇದು ಸಾವನ್ನು ಹೊಗಳುವುದಿಲ್ಲ; ಅದಕ್ಕೆ ಮುಂಚಿನ ಸಂಜೆಯನ್ನು ನಮ್ಮಿಂದ ನೋಡಿಸುತ್ತದೆ. ಬೇಲಿಯಾಚೆಯಿಂದ ‘ಚೆನ್ನಾಗಿದ್ದೀರಾ?’ ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ನಡೆದುಬಿಡುವ ನಾವು, ಆ ಸಂಜೆಯನ್ನು ಒಮ್ಮೆ ಪೂರ್ತಿ ಕುಳಿತು ನೋಡಬೇಕು.