ಓಲಗದತ್ತ ಒಬ್ಬರು, ಓಲಗದಿಂದ ಒಬ್ಬರು

ಹೋದ ವಾರ ಮಾತು ಕೊಟ್ಟಂತೆ ಜಾಝ್ ಸಂಯೋಜಕ ಚಾರ್ಲ್ಸ್ ಮಿಂಗಸ್ ಅವರಿಂದಲೇ ಶುರು ಮಾಡುತ್ತೇನೆ. ‘ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ’ ಈ ವಾರ ಟರ್ನ್‌ಟೇಬಲ್ಲಿನಿಂದ ಕೆಳಗಿಳಿದಿಲ್ಲ. ಬೇರೆ ಪ್ಲೇಟು ಹಾಕೋಣವೆಂದು ಕಪಾಟಿನ ಮುಂದೆ ನಿಂತರೂ ಕಿವಿ ಮತ್ತೆ ಅದನ್ನೇ ಬೇಡುತ್ತದೆ. 1963ರ ಜನವರಿ 20ರಂದು ಇಂಪಲ್ಸ್ ಕಂಪನಿಗಾಗಿ ಹನ್ನೊಂದು ಮಂದಿಯ ಮೇಳ ಕಟ್ಟಿಕೊಂಡು ಮಿಂಗಸ್ ಮುದ್ರಿಸಿದ ಕೃತಿ ಇದು. ಈ ಅಂಕಣದ ಹಳೆಯ ಓದುಗರಿಗೆ ಅದರ ಪರಿಚಯ ಬೇಕಿಲ್ಲ.

ಆದರೂ ಮೊದಲ ಭಾಗವಾದ ‘ಸೋಲೊ ಡ್ಯಾನ್ಸರ್’ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಡ್ಯಾನಿ ರಿಚ್ಮಂಡ್ ಡ್ರಮ್ಸಿನಲ್ಲಿ ದಾರಿ ಬಿಡಿಸುತ್ತಾರೆ. ತಳದಲ್ಲಿ ಟ್ಯೂಬಾದ ಭಾರ. ಅದರ ಮೇಲೆ ಹಿತ್ತಾಳೆಯ ವಾದ್ಯಗಳು ಒಂದನ್ನೊಂದು ತಳ್ಳಿಕೊಂಡು, ಗುರುಗುಟ್ಟಿಕೊಂಡು ಒಳಗೆ ನುಗ್ಗುತ್ತವೆ. ಈ ನೂಕುನುಗ್ಗಲಿನ ನೆತ್ತಿಯ ಮೇಲೆ ಒಂದು ಆಲ್ಟೊ ಸ್ಯಾಕ್ಸೊಫೋನ್ ಕೂಗುತ್ತದೆ. ಸ್ವರದಿಂದ ಸ್ವರಕ್ಕೆ ಹೆಜ್ಜೆ ಇಡುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಮೇಲೇರಿದಲ್ಲಿ ದನಿ ಒಡೆಯುವ ಅಂಚಿಗೆ ಬಂದು ನಿಲ್ಲುತ್ತದೆ, ಒಡೆಯುವುದಿಲ್ಲ. ನುಡಿಸಿದವರು ಚಾರ್ಲಿ ಮರಿಯಾನೊ. ಇಡೀ ಪ್ಲೇಟಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಆಲ್ಟೊ. ಎರಡನೆಯ ಬದಿಯ ಸುಮಾರು 18 ನಿಮಿಷಗಳ ದೀರ್ಘ ಭಾಗದಲ್ಲಿ ಲಯ ಓಡುತ್ತ ಓಡುತ್ತ ಕುಸಿದು, ಮತ್ತೆ ಎದ್ದು ಓಡುತ್ತದೆ. ನಡುವೆ ಜೇ ಬರ್ಲಿನರ್ ಅವರ ಸ್ಪ್ಯಾನಿಷ್ ಗಿಟಾರು ಬೇರೆ. ಅಲ್ಲಿಯೂ ನನ್ನ ಕಿವಿ ಹುಡುಕುವುದು ಮರಿಯಾನೊ ಎಲ್ಲಿದ್ದಾರೆ ಎಂದೇ.

ನಾವು ಕೆಲವರು ವಾರಕ್ಕೊಮ್ಮೆ ಸೇರಿ, ಆಯಾ ವಾರ ಯಾರು ಏನು ಕೇಳಿದರೆಂದು ಹಂಚಿಕೊಳ್ಳುವುದು ಓದುಗರಿಗೆ ಗೊತ್ತು. ಈ ಸಲ ಅಲ್ಲಿ ಹಳೆಯ ತಕರಾರೊಂದು ಮತ್ತೆ ಎದ್ದಿತು. ಮರಿಯಾನೊ ನುಡಿಸಿದ್ದರಲ್ಲಿ ಒಂದಿಷ್ಟು ಭಾಗ ಮೇಳದ ಜೊತೆ ಕೂತು ನುಡಿಸಿದ್ದಲ್ಲ. ಮುದ್ರಣ ಮುಗಿದ ಮೇಲೆ ಮಿಂಗಸ್ ಮತ್ತೆ ಮರಿಯಾನೊ ಅವರನ್ನು ಕರೆಸಿ ಟೇಪಿನ ಮೇಲೆ ಸೇರಿಸಿದ್ದು. ಹಾಗಾಗಿ ಇದು ಜಾಝ್ ಅಲ್ಲ, ಸ್ಟುಡಿಯೊ ಕರಾಮತ್ತು ಎಂಬುದು ‘ಒಂದೇ ಟೇಕ್’ ಪಂಥದವರ ವಾದ. ನಾನು ಇದನ್ನು ಎಂದೂ ಒಪ್ಪಿಲ್ಲ. ಮೈಲ್ಸ್ ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’ ಕೇಳುವಾಗ ಈ ಪಂಥದವರೂ ತಲೆದೂಗುತ್ತಾರೆ. 1969ರ ಆ ಆಲ್ಬಮ್ಮಿನಲ್ಲಿ ನಿರ್ಮಾಪಕ ಟಿಯೊ ಮಸೆರೊ ಟೇಪು ಕತ್ತರಿಸಿ, ಎರಡನೆಯ ಬದಿಯ ಮೊದಲ ತುಣುಕನ್ನೇ ಕೊನೆಗೂ ಅಂಟಿಸಿದ್ದಾರೆ. ಅಲ್ಲಿ ಸಲ್ಲುವುದು ಇಲ್ಲಿ ಏಕೆ ಸಲ್ಲದು? ಮರಿಯಾನೊ ಇಲ್ಲಿ ಇಡೀ ಮೇಳವನ್ನು ಕಿವಿಗೆ ತುಂಬಿಕೊಂಡು, ಅದು ಎಲ್ಲಿ ಉಸಿರುಗಟ್ಟುತ್ತದೆ, ಎಲ್ಲಿ ಬಾಯಿ ತೆರೆಯುತ್ತದೆ ಎಂಬುದನ್ನು ಅರಿತು ನುಡಿಸಿದ್ದಾರೆ. ಆಲಿಸುವುದೇ ಜಾಝಿನ ಜೀವ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಿಂಗಸ್ ಅವರ ಸಂಯೋಜನೆಯ ವಿಚಾರ ಬರೆಯಬೇಕೆಂದಿದ್ದೆ. ಆದರೆ ಮರಿಯಾನೊ ಹೆಸರು ಬಂದ ಮೇಲೆ ಅವರನ್ನು ಬಿಟ್ಟು ಹೋಗಲು ಮನಸ್ಸು ಒಪ್ಪುತ್ತಿಲ್ಲ.

1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವರು ಅವರು. ಅವರ ಪೀಳಿಗೆಯ ಹೆಚ್ಚಿನ ಆಲ್ಟೊ ವಾದಕರಂತೆ ಚಾರ್ಲಿ ಪಾರ್ಕರ್ ನೆರಳಿನಲ್ಲೇ ಬೆಳೆದರು. ಸ್ಟ್ಯಾನ್ ಕೆಂಟನ್ ಬ್ಯಾಂಡಿನಲ್ಲಿ ನುಡಿಸಿದರು, ಬರ್ಕ್ಲಿ ಸಂಗೀತ ಶಾಲೆಯಲ್ಲಿ ಪಾಠ ಹೇಳಿದರು. ಇಷ್ಟು ದೂರ ಬಂದ ವಾದಕ ಸಾಮಾನ್ಯವಾಗಿ ತನ್ನ ಹೆಸರಿನ ಮೇಲೆ ಬದುಕುತ್ತಾನೆ. ಮರಿಯಾನೊ 1970ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದು, ಶಿಷ್ಯರಾಗಿ ಕೂತು ನಾಗಸ್ವರ ಕಲಿತರು. ನಮ್ಮ ಊರುಗಳ ದೇವಸ್ಥಾನದಲ್ಲಿ, ಮದುವೆ ಚಪ್ಪರದಲ್ಲಿ ಊದುವ ಓಲಗದ ವಾದ್ಯ. ಸ್ಯಾಕ್ಸೊಫೋನಿಗಿರುವ ಕೀಲಿಗಳು ಅದಕ್ಕಿಲ್ಲ. ತುಟಿ, ಉಸಿರು, ಬೆರಳ ತುದಿ ಇಷ್ಟರಿಂದಲೇ ಗಮಕ ಹುಟ್ಟಬೇಕು. ‘ಸೋಲೊ ಡ್ಯಾನ್ಸರ್’ನಲ್ಲಿ ಸ್ವರಗಳನ್ನು ಹಾಗೆ ಎಳೆದ ಮನುಷ್ಯ ಕೊನೆಗೆ ಈ ವಾದ್ಯಕ್ಕೇ ಬಂದು ಸೇರಿದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ. 1976ರ ‘ಹೆಲೆನ್ ಟ್ವೆಲ್ವ್ ಟ್ರೀಸ್’ ಆಲ್ಬಮ್ಮಿನಲ್ಲಿ ಸ್ಯಾಕ್ಸೊಫೋನಿನ ಜೊತೆ ನಾಗಸ್ವರವನ್ನೂ ನುಡಿಸಿದ್ದಾರೆ.

ಆ ಕಲಿಕೆಯ ಮಾಗಿದ ಫಲ ಬೇಕೆಂದರೆ 1983ರ ‘ಜ್ಯೋತಿ’ ಕೇಳಬೇಕು. ಜರ್ಮನಿಯ ಇಸಿಎಂ ಕಂಪನಿಯದು. ಜೊತೆಗಿರುವವರು ನಮ್ಮ ಬೆಂಗಳೂರಿನವರು: 1964ರಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಆರ್.ಎ. ರಮಾಮಣಿಯವರ ಹಾಡು ಮತ್ತು ತಂಬೂರಿ. ಪ್ಲೇಟು ಶುರುವಾಗುವುದು ರಮಾಮಣಿಯವರ ಒಂಟಿ ದನಿಯಿಂದ. ಹೆಸರು ಮುಖಪುಟದಲ್ಲಿರುವ ಸ್ಯಾಕ್ಸೊಫೋನ್ ವಾದಕ ಆಗ ಸುಮ್ಮನೆ ಕಾಯುತ್ತಾರೆ. ‘ವಂದನಂ’ನಿಂದ ಮುಂದೆ ಅವರ ಸೊಪ್ರಾನೊ ಮತ್ತು ಕೊಳಲು ರಮಾಮಣಿಯವರ ದನಿಯ ಪಕ್ಕಕ್ಕೆ ಬಂದು ನಿಲ್ಲುತ್ತವೆ. ತಾನೆಷ್ಟು ವೇಗವಾಗಿ ನುಡಿಸಬಲ್ಲೆ ಎಂದು ತೋರಿಸುವ ಆತುರ ಒಂದು ಕಡೆಯೂ ಇಲ್ಲ. ಕೊನ್ನಕ್ಕೋಲು, ಅಂದರೆ ಬಾಯಲ್ಲಿ ನುಡಿಯುವ ತಾಳದ ಸೊಲ್ಲು, ಬಿರುಸಾಗಿ ಸಾಗುವಾಗ ಅವರು ಜಾಗ ಬಿಡುತ್ತಾರೆ.

ಇಲ್ಲಿ ನನ್ನ ಇನ್ನೊಂದು ಹಳೆಯ ಲೆಕ್ಕ ಚುಕ್ತಾ ಮಾಡಬೇಕು. ಜಾಝಿನಲ್ಲೂ ಮನೋಧರ್ಮ, ಕರ್ನಾಟಕ ಸಂಗೀತದಲ್ಲೂ ಮನೋಧರ್ಮ, ಆದ್ದರಿಂದ ಎರಡೂ ಅಣ್ಣತಮ್ಮಂದಿರು ಎಂಬ ಮಾತನ್ನು ಪ್ರತಿ ಫ್ಯೂಷನ್ ಕಛೇರಿಯ ನಿರೂಪಕರೂ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ, ಮತ್ತು ಇದರಿಂದ ಬಹಳ ಕೆಟ್ಟ ಸಂಗೀತ ಹುಟ್ಟಿದೆ. ಜಾಝ್ ವಾದಕನ ಕಾಲಡಿಯಲ್ಲಿ ಸ್ವರಮೇಳ ಬದಲಾಗುತ್ತಲೇ ಇರುತ್ತದೆ. ಆ ಬದಲಾವಣೆಯ ಮೇಲೆ ದಾರಿ ಹುಡುಕುವುದೇ ಅವನ ವಿದ್ಯೆ. ನಮ್ಮಲ್ಲಿ ಶ್ರುತಿ ಅಲುಗುವುದಿಲ್ಲ, ಅಲುಗುವುದು ಸ್ವರ. ತೋಡಿಯ ಗಾಂಧಾರದ ಕೆಳಗೆ ಪಿಯಾನೊದ ಒಂದು ಕಾರ್ಡ್ ಇಟ್ಟು ನೋಡಿ. ತೂಗಾಡಬೇಕಾದ ಸ್ವರಕ್ಕೆ ಮೊಳೆ ಹೊಡೆದಂತಾಗುತ್ತದೆ. ‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ ಇಲ್ಲ. ಜಾಝಿನ ಸಾಮಾನು ಸರಂಜಾಮನ್ನೆಲ್ಲ ಹೊರಗಿಟ್ಟು, ಕಿವಿ ಮತ್ತು ಉಸಿರನ್ನಷ್ಟೇ ತೆಗೆದುಕೊಂಡು ಮರಿಯಾನೊ ಒಳಗೆ ಬಂದಿದ್ದಾರೆ. ಅದಕ್ಕೇ ಅದು ಉಳಿದಿದೆ.

ಈ ದಾರಿಯಲ್ಲೇ ಎದುರಿನಿಂದ ನಡೆದು ಬಂದವರು ಕದ್ರಿ ಗೋಪಾಲನಾಥ್. ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದವರು; ತಂದೆ ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಹುಡುಗ ಮನೆಯ ವಾದ್ಯ ಬಿಟ್ಟು ಪರದೇಶದ ವಾದ್ಯ ಹಿಡಿದ. ಒಬ್ಬರು ಸ್ಯಾಕ್ಸೊಫೋನಿನಿಂದ ಓಲಗಕ್ಕೆ, ಇನ್ನೊಬ್ಬರು ಓಲಗದಿಂದ ಸ್ಯಾಕ್ಸೊಫೋನಿಗೆ. ಇಬ್ಬರಿಗೂ ಬೇಕಾಗಿದ್ದದ್ದು ಎರಡು ಸ್ವರಗಳ ನಡುವಿನ ಜಾಗ. ಮುಂಬೈಯ ಜಾಝ್ ಉತ್ಸವದಲ್ಲಿ ಕದ್ರಿಯವರನ್ನು ಕೇಳಿ ಅವರ ಜೊತೆ ವೇದಿಕೆ ಹಂಚಿಕೊಂಡ ಅಮೆರಿಕನ್ ವಾದಕ ಯಾರು? ಜಾನ್ ಹ್ಯಾಂಡಿ. 1959ರ ‘ಮಿಂಗಸ್ ಆ ಅಮ್’ನಲ್ಲಿ ಆಲ್ಟೊ ನುಡಿಸಿದ್ದ ಅದೇ ಹ್ಯಾಂಡಿ. ಮಿಂಗಸ್ ಆರಿಸಿಕೊಂಡ ಆಲ್ಟೊ ವಾದಕರಲ್ಲಿ ಇಬ್ಬರು ಹೀಗೆ ನಮ್ಮ ಕಡೆಗೆ ತಿರುಗಿದ್ದು ನನಗೆ ತುಂಬ ಮುಖ್ಯವೆನಿಸುತ್ತದೆ. ಮಿಂಗಸ್ ಆಲ್ಟೊದಿಂದ ಬಯಸುತ್ತಿದ್ದದ್ದು ಮನುಷ್ಯನ ಕೂಗನ್ನು. ಅಂಥ ದನಿಯ ವಾದಕರಿಗೆ ಗಮಕ ಅಪರಿಚಿತವಾಗಿರಲು ಸಾಧ್ಯವೇ ಇಲ್ಲ.

ನಮ್ಮ ಗುಂಪಿನ ಕಿರಿಯರು ‘ಜ್ಯೋತಿ’ಗಿಂತ ‘ಕಿನ್ಸ್‌ಮೆನ್’ ಮೇಲು ಎನ್ನುತ್ತಾರೆ. ಕರ್ನಾಟಕ ಮೂಲದ ಕುಟುಂಬದ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಕದ್ರಿಯವರ ಜೊತೆ 2008ರಲ್ಲಿ ತಂದ ಆಲ್ಬಮ್ ಅದು. ಬರ್ಕ್ಲಿಯಲ್ಲಿ ಓದುವಾಗ ಅಣ್ಣ ತಮಾಷೆಗೆಂದು ಕೊಟ್ಟ ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಕದ್ರಿಯವರ ಆಲ್ಬಮ್ ರುದ್ರೇಶರ ಕಣ್ಣು ತೆರೆಸಿತು. ‘ಕಿನ್ಸ್‌ಮೆನ್’ನಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗದ ಜೊತೆಗೆ ಗಿಟಾರು, ಬಾಸ್, ಡ್ರಮ್ಸ್ ಎಲ್ಲವೂ ಇವೆ. ಎರಡು ಆಲ್ಟೊಗಳನ್ನು ಕಣ್ಣು ಮುಚ್ಚಿಯೇ ಗುರುತಿಸಬಹುದು: ಕದ್ರಿಯವರ ಸ್ವರ ಒಂದೆಡೆ ನಿಲ್ಲದೆ ಜಾರುತ್ತದೆ, ರುದ್ರೇಶರದು ಪಾರ್ಕರ್ ವಂಶದ ಚೂಪು ಮಾತು. ಒಟ್ಟಿಗೆ ಓಡುವ ಜಾಗಗಳಲ್ಲಿ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ನನಗೆ ಅದರ ಶ್ರೇಷ್ಠ ಭಾಗಗಳು ನಡುನಡುವೆ ಬರುವ ಆಲಾಪಗಳು. ಅಲ್ಲಿ ಮೇಳ ಸುಮ್ಮನಿರುತ್ತದೆ. ಅಂದರೆ ‘ಜ್ಯೋತಿ’ ಇಡೀ ಪ್ಲೇಟಿನಲ್ಲಿ ಮಾಡಿದ್ದನ್ನೇ ಇದು ಆ ಕೆಲವು ನಿಮಿಷಗಳಲ್ಲಿ ಮಾಡುತ್ತದೆ. ಕಿರಿಯರು ಒಪ್ಪಲಿಲ್ಲ. ಎರಡನ್ನೂ ಒಂದೇ ಸಂಜೆ ಬೆನ್ನುಬೆನ್ನಿಗೆ ಹಾಕಿ ಕೇಳಿ, ಓದುಗರೇ ತೀರ್ಮಾನಿಸಲಿ.

ಹ್ಯಾಂಡಿಯವರು ಅಲಿ ಅಕ್ಬರ್ ಖಾನರ ಸರೋದಿನ ಎದುರು ಕೂತು ನುಡಿಸಿದ ‘ಕರುಣಾ ಸುಪ್ರೀಂ’ ಬಗ್ಗೆ ಈ ಸಲ ಜಾಗವಿಲ್ಲ. ಮುಂದಿನ ವಾರ ಅದನ್ನೇ ಎತ್ತಿಕೊಳ್ಳುತ್ತೇನೆ. ಮಿಂಗಸ್ ಅವರ ಸಂಯೋಜನೆಯ ಮಾತು ಅದರ ನಂತರಕ್ಕಿರಲಿ.