ಗ್ರಂಥ ವಿಮರ್ಶೆ: ‘ರೈಸಿಂಗ್ ಸನ್’

ಅಮೆರಿಕದ ಚಾರ್ಲ್ಸ್ ಆರ್. ಸ್ಕಾಟ್ ಅವರು 2009ರ ಬೇಸಗೆಯಲ್ಲಿ ತಮ್ಮ ಎಂಟು ವರ್ಷದ ಮಗನೊಡನೆ ಜಪಾನು ದೇಶವನ್ನು ಬೈಸಿಕಲ್ಲಿನ ಮೇಲೆ ಸಂಚರಿಸಿದರು. ಉತ್ತರದ ಸೋಯಾ ಭೂಶಿರದಿಂದ ದಕ್ಷಿಣದ ಸಾಟಾ ಭೂಶಿರದವರೆಗೆ 67 ದಿನಗಳಲ್ಲಿ ಸುಮಾರು 2,500 ಮೈಲಿ ನಡೆದ ಆ ಸಂಚಾರದ ವೃತ್ತಾಂತವೇ ಪ್ರಕೃತ ಗ್ರಂಥ. ಇಂಗ್ಲಿಷಿನಲ್ಲಿ ‘ಮಗ’, ‘ಸೂರ್ಯ’ ಎಂಬ ಎರಡಕ್ಕೂ ಉಚ್ಚಾರವು ಒಂದೇ ಆದುದರಿಂದ, ಸೂರ್ಯೋದಯದ ನಾಡಿನಲ್ಲಿ ಪುತ್ರೋದಯವೆಂಬ ಶ್ಲೇಷವು ಹೆಸರಿನಲ್ಲಿಯೇ ಅಡಗಿದೆ.

ಶ್ಲೇಷವು ಸೊಗಸಾಗಿದೆ, ಆದರೆ ಈ ಪ್ರವಾಸವು ಯಾರದು? ಬಾಲಕನು ಕುಳಿತುದು ತಂದೆಯ ಬೈಸಿಕಲ್ಲಿನ ಹಿಂದೆ ಕೊಂಡಿಯಿಂದ ಕೂಡಿಸಿದ ಒಂಟಿ ಗಾಲಿಯ ಬಂಡಿಯ ಮೇಲೆ. ಇಂತಹ ಬಂಡಿಯಲ್ಲಿ ಮಗುವು ಪೆಡಲನ್ನು ತುಳಿದು ತಂದೆಗೆ ನೆರವಾಗಬಲ್ಲದು; ದಾರಿಯನ್ನು ತಿರುಗಿಸಲಾರದು. ಅದರ ಹ್ಯಾಂಡಲು ಬೀಳದಂತೆ ಹಿಡಿದುಕೊಳ್ಳುವುದಕ್ಕೆ ಮಾತ್ರ. ಕಥನದ ಸ್ಥಿತಿಯೂ ಇದೇ. ಶ್ರಮವು ಇಬ್ಬರದು, ಲೇಖನಿಯು ತಂದೆಯದು. ದಿನಕ್ಕೆ ಸರಾಸರಿ 37 ಮೈಲಿ ಎಂಬ ಲೆಕ್ಕವು ಹಿರಿಯರ ಮನಸ್ಸಿಗೆ ಹಿತ. ಎಂಟರ ಬಾಲ್ಯವು ಮೈಲಿಗಲ್ಲುಗಳನ್ನು ಎಣಿಸಿ ಹಿಗ್ಗುವುದಲ್ಲ.

ಹಾಗೆಂದು ತಂದೆಯನ್ನು ಸ್ವಾರ್ಥಿಯೆಂದು ದೂರುವುದು ನ್ಯಾಯವಲ್ಲ. ಮಗನ ತಾಯಿ ಜಪಾನಿನವರು. ತಾಯಿಯ ತವರುನೆಲವನ್ನು ರೈಲಿನ ಕಿಟಕಿಯಿಂದಲ್ಲದೆ ತನ್ನ ಕಾಲಿನ ಬಲದಿಂದಲೂ ಅರಿಯುವ ಭಾಗ್ಯವು ಎಷ್ಟು ಮಕ್ಕಳಿಗೆ ದೊರೆತೀತು? ಆ ದಾನವನ್ನು ಕೊಟ್ಟವರು ತಂದೆಯೇ. ಅದನ್ನು ಪಡೆದವನ ಮಾತು ನಮಗೆ ಕೊಟ್ಟವರ ಬಾಯಿಂದಲೇ ಕೇಳಿಬರುತ್ತದೆಂಬುದಷ್ಟೇ ನಮ್ಮ ಕೊರತೆ.

ಮಕ್ಕಳೊಡನೆ ದೂರದೇಶಕ್ಕೆ ಹೊರಡಬಯಸುವ ಗೃಹಸ್ಥರು ಈ ಗ್ರಂಥವನ್ನು ಅವಶ್ಯವಾಗಿ ಓದತಕ್ಕದ್ದು. ಅದೇ ದಾರಿಯನ್ನು ಮಗನೂ ತನ್ನ ಮಾತಿನಲ್ಲಿ ಬರೆದರೆ ಇದಕ್ಕೆ ತಕ್ಕ ಜೊತೆಯಾದೀತು.